ಸೋಮಪ್ಪನ ಫಿಯೆಟ್ಟಿನ ಎಡಗಡೆಯ ದೀಪ

೧

ಎಲ್ಲಿಂದ ಶುರು ಮಾಡಲಿ? ಕಾರಿನಿಂದಲೋ, ಕಾರಿನಲ್ಲಿ ಕೂತವರಿಂದಲೋ, ಇಲ್ಲಾ ಆ ಕಾರಿನ ಹಿಂದೆ ಹಾರ್ನ್ ಹೊಡೆದು ಹೊಡೆದು ಸುಸ್ತಾದ ಲಾರಿ ಡ್ರೈವರನಿಂದಲೋ? ಲಾರಿಯವನಿಂದ ಶುರು ಮಾಡಿದರೆ ಮೊದಲ ವಾಕ್ಯವೇ ಬೈಗುಳವಾಗುತ್ತದೆ. ನಿಮ್ಮ ಮನೆಯಲ್ಲಿ ಯಾರು ಯಾರು ಓದುತ್ತಾರೋ ಏನೋ. ಹಾಗಾಗಿ ಕಾರೇ ಇರಲಿ.

ದಾಂಡೇಲಿಯ ಸೋಮಪ್ಪನ ಹತ್ತಿರ ಒಂದು ಬಿಳಿ ಫಿಯೆಟ್ ಇದೆ. ಈಗಿನ ಹುಡುಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಆ ಹಳೆಯ ಮಾದರಿಯದು. ಸೋಮಪ್ಪ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಹುಟ್ಟಿದ್ದು ಧಾರವಾಡದ ಕಡೆಯ ಹಳ್ಳಿಯಲ್ಲಿ, ಬದುಕೆಲ್ಲ ಕಳೆದದ್ದು ದಾಂಡೇಲಿಯಲ್ಲಿ. ಅವನ ಕಾರಿಗೆ ಈಚೆಗೆ ಒಂದು ಚಾಳಿ ಅಂಟಿಕೊಂಡಿದೆ. ಎಡಕ್ಕೆ ಇಂಡಿಕೇಟರ್ ಹಾಕಿ ತಿರುಗಿದರೆ, ತಿರುಗಿ ಮುಗಿದು ಸ್ಟಿಯರಿಂಗ್ ನೆಟ್ಟಗಾದ ಮೇಲೂ ಇಂಡಿಕೇಟರಿನ ಕಡ್ಡಿ ತಾನಾಗಿ ಸ್ವಸ್ಥಾನಕ್ಕೆ ಬರುವುದಿಲ್ಲ. ದೀಪ ಮಿಣುಕುತ್ತಲೇ ಇರುತ್ತದೆ. ಬಲಕ್ಕೆ ಹಾಕಿದರೆ ಮಾತ್ರ ಶಾಣ್ಯಾ ಮಗುವಿನ ಹಾಗೆ ತಾನೇ ಬಂದು ನಿಲ್ಲುತ್ತದೆ.

(ಇಷ್ಟೇನಾ ಕಥೆ ಅಂದಿರಾ? ಅಂದಿರಿ, ನನಗೆ ಕೇಳಿಸಿತು. ಕೊಲೆಯಿಲ್ಲ, ಪ್ರೇಮವಿಲ್ಲ, ಪ್ಲಾಸ್ಟಿಕ್ಕಿನ ಒಂದು ಕಡ್ಡಿ. ಆದರೆ ಹೇಳಿ, ಬಲಕ್ಕೆ ಬರುವುದು ಎಡಕ್ಕೆ ಯಾಕೆ ಬರುವುದಿಲ್ಲ? ನನಗಂತೂ ಈ ಪ್ರಶ್ನೆ ತಲೆಹೊಕ್ಕ ಮೇಲೆ ಬೇರೆ ಕೆಲಸಕ್ಕೆ ಮನಸ್ಸೇ ಹತ್ತಲಿಲ್ಲ. ಕಾರು ಓಡಿಸಲು ಬಾರದ ಮನುಷ್ಯ ನಾನು, ಪಕ್ಕದ ಮನೆಯವರ ಕಾರಿನಲ್ಲಿ ಕೂತು ಅವರ ಇಂಡಿಕೇಟರ್ ಹಾಕಿ ತೆಗೆದು ಮಾಡಿ ಬೈಸಿಕೊಂಡಿದ್ದೇನೆ.)

೨

ಮೊದಲ ಡ್ರಾಫ್ಟಿನಲ್ಲಿ ನಾನು ಸೋಮಪ್ಪನ ಹೆಂಡತಿಯನ್ನು ಸಾಯಿಸಿಬಿಟ್ಟಿದ್ದೆ.

ಬಹಳ ಚೆನ್ನಾಗಿ ಬಂದಿತ್ತು. ಸುಶೀಲವ್ವ ಬದುಕಿದ್ದಾಗ ಪಕ್ಕದ ಸೀಟಿನಲ್ಲಿ ಕೂತು ಪ್ರತಿ ತಿರುವು ಕಳೆದ ಮೇಲೆ ‘ಬಂದ್ ಮಾಡ್ರಿ’ ಎಂದು ನೆನಪಿಸುತ್ತಿದ್ದಳು. ಈಗ ಅವಳಿಲ್ಲ, ದೀಪ ಮಿಣುಕುತ್ತಿದೆ, ಮುದುಕ ರಿಪೇರಿಗೆ ಒಪ್ಪುತ್ತಿಲ್ಲ. ಬರೆಯುತ್ತ ಬರೆಯುತ್ತ ನನ್ನ ಕಣ್ಣೇ ತುಂಬಿ ಬಂತು. ಬರೆದವನ ಕಣ್ಣು ಅಷ್ಟು ಸುಲಭಕ್ಕೆ ತುಂಬಿದರೆ ಡ್ರಾಫ್ಟಿನ ಮೇಲೆ ಅನುಮಾನ ಪಡಬೇಕು, ಪಡಲಿಲ್ಲ. ಕೊನೆಯ ಸಾಲಿಗೆ ಚುಕ್ಕಿ ಇಡುವಷ್ಟರಲ್ಲಿ ಸುಶೀಲವ್ವ ಬಂದಳು. ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿಯ ಬುಟ್ಟಿ.

“ನಾ ಸತ್ತೇನಂತ ನಿಮಗ ಯಾರ ಹೇಳ್ಯಾರ್ರಿ?” ಎಂದಳು. “ಅಲ್ಲೇ ಅವರ ಬಾಜೂಕ ಕುಂತೇನಿ. ಆ ಟಿಕ್ ಟಿಕ್ ಕೇಳಿ ಕೇಳಿ ನನ್ನ ತಲಿ ಚಿಟ್ಟ ಹಿಡದೈತಿ.”

ಹಾಗಾದರೆ ಬಂದ್ ಮಾಡಿ ಅಂತ ಅವರಿಗೆ ಯಾಕೆ ಹೇಳುವುದಿಲ್ಲ ಎಂದು ಕೇಳಿದೆ. ಅವಳು ಒಂದು ಕಾಯಿ ಸುಲಿದು, ಕಾಳು ಬುಟ್ಟಿಗೆ ಹಾಕಿ, ಬರೆಯುವುದಾದರೆ ಅದನ್ನು ಬರೆಯಿರಿ ಎಂದಳು.

ಆ ಡ್ರಾಫ್ಟ್ ಹರಿದು ಹಾಕಿದೆ. ಇನ್ನು ಅವಳ ಹಿಂದೆ ಹಿಂದೆ ಹೋಗುವುದೇ ನನ್ನ ಕೆಲಸ.

೨ (ಮತ್ತೊಮ್ಮೆ, ಈ ಸಲ ಅವಳು ಹೇಳಿದಂತೆ)

ಸುಶೀಲವ್ವನಿಗೆ ಮೊದಲು ಇದು ಕಾರಿನ ತೊಂದರೆಯೆಂದೇ ಅನಿಸಿತ್ತು. ದಸರೆಯಲ್ಲಿ ಗಾಡಿಗಳಿಗೆ ಮಾಡುವ ಖಂಡೇಪೂಜೆಯ ಮರುದಿನ ಹಳಿಯಾಳದ ಸಂತೆಗೆ ಹೊರಟಾಗ ಎಡಕ್ಕೆ ತಿರುಗಿದರು, ದೀಪ ಉಳಿಯಿತು. ಬಂದ್ ಮಾಡ್ರಿ ಎಂದಳು, ಮಾಡಿದ. ಆಮೇಲೂ ಹಾಗೇ ನಡೆಯಿತು. ಅವಳು ಹೇಳುವುದು, ಅವನು ಮಾಡುವುದು. ಒಂದು ದಿನ ಅವಳಿಗೆ ಅನಿಸಿತು: ಈ ಮನುಷ್ಯ ನನ್ನ ಬಾಯಿಗೇ ಯಾಕೆ ಕಾಯುತ್ತಾನೆ? ಆ ಟಿಕ್ ಟಿಕ್ ಅವನ ಮೂಗಿನ ಕೆಳಗೇ ಬಡಿಯುತ್ತಿದೆಯಲ್ಲ.

ಅವತ್ತು ಹಳಿಯಾಳದಿಂದ ಬರುವಾಗ ಬೇಕಂತಲೇ ತುಟಿ ಬಿಚ್ಚದೆ ಕೂತಳು. ಊರು ದಾಟುವ ಮುಂಚೆ ಹಾಕಿದ ಎಡಗಡೆಯ ದೀಪ ದಾಂಡೇಲಿಯ ಮನೆಯ ತನಕ ಮಿಣುಕುತ್ತ ಬಂತು. ಸೋಮಪ್ಪ ಆರಾಮಾಗಿ ಏನೋ ಗುನುಗುತ್ತಿದ್ದ. ಎದುರಿಗೆ ಬರುವ ಬೈಕಿನವರು, ಟೆಂಪೋದವರು, ನಿಮ್ಮ ಇಂಡಿಕೇಟರ್ ಉಳಿದಿದೆ ಎಂದು ತಿಳಿಸಲು ಕೈಯೆತ್ತಿ ಐದೂ ಬೆರಳು ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ಸೋಮಪ್ಪ ಪ್ರತಿಯೊಬ್ಬರಿಗೂ ನಗುಮುಖದಿಂದ ಕೈ ಬೀಸಿದ. ಮನೆ ಮುಟ್ಟಿದ ಮೇಲೆ, ನೋಡು, ರಿಟೈರ್ ಆಗಿ ಇಷ್ಟು ದಿನವಾದರೂ ಮಂದಿ ನನ್ನ ಮರೆತಿಲ್ಲ ಎಂದ. ಸುಶೀಲವ್ವ ಚೀಲ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಮೊದಲು ನಕ್ಕಳು, ಆಮೇಲೆ ಅವಳಿಗೆ ಹೊಳೆಯಿತು: ಅವನಿಗೆ ಆ ಟಿಕ್ ಟಿಕ್ ಕೇಳಿಸುತ್ತಲೇ ಇಲ್ಲ.

ಮೊದಲೆಲ್ಲ ಅವರ ಮನೆಯ ಮೇಲೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸಪ್ಪಳಕ್ಕೇ ಸೋಮಪ್ಪ ಎಲ್ಲರಿಗಿಂತ ಮುಂಚೆ ತಲೆಯೆತ್ತುತ್ತಿದ್ದ. ಈ ವರ್ಷ ಅವಳು ಎತ್ತುತ್ತಾಳೆ, ಅವಳನ್ನು ನೋಡಿ ಅವನು ಎತ್ತುತ್ತಾನೆ. ಅದನ್ನೂ ಈಗ ಜೋಡಿಸಿ ನೋಡಿದಳು.

(ಇಲ್ಲಿ ನಾನು ಗಿರಣಿಯ ಯಂತ್ರಗಳ ಗದ್ದಲದ ಬಗ್ಗೆ ಒಂದು ಭಾರೀ ಪ್ಯಾರಾ ಬರೆದಿದ್ದೆ. ಸುಶೀಲವ್ವ ಓದಿ, ಕಾಟು ಹಾಕಲು ಹೇಳಿದಳು. ಸೋಮಪ್ಪನ ಅಪ್ಪನೂ ಇದೇ ವಯಸ್ಸಿಗೆ ಕಿವುಡನಾಗಿದ್ದನಂತೆ, ಆತ ಹೊಲ ಬಿಟ್ಟು ಎಲ್ಲಿಗೂ ಹೋದವನಲ್ಲವಂತೆ. ಸುಮ್ಮನೆ ತಪ್ಪನ್ನು ಕಂಡವರ ತಲೆಗೆ ಕಟ್ಟಬೇಡಿ ಎಂದಳು. ಕಾಟು ಹಾಕಿದ್ದೇನೆ. ಪ್ಯಾರಾ ಚೆನ್ನಾಗಿತ್ತು, ಹೋಗಲಿ.)

ಆ ಅಪ್ಪನ ವಿಷಯವೇ ಗಂಟು. ಊರ ಜನ ಆತನ ಹೆಸರನ್ನೇ ಮರೆತು ಕಿವುಡಪ್ಪ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ನಿಂತು ಏನೇನೋ ಅಂದು ಕಿಸಿಕಿಸಿ ನಗುತ್ತಿದ್ದರು. ಸೋಮಪ್ಪ ಅದನ್ನು ನೋಡುತ್ತಲೇ ಬೆಳೆದವನು. ಹಾಗಾಗಿ ಒಮ್ಮೆ ಸುಶೀಲವ್ವ ನಿಮ್ಮ ಕಿವಿ ತೋರಿಸೋಣ ಎಂದದ್ದಕ್ಕೆ ತಾಟು ಸರಿಸಿ ಎದ್ದುಹೋದ. ನಾನು ಹೇಳಿದರೆ ಅದು ಚುಚ್ಚಿದಂತಾಗುತ್ತದೆ, ಅವರೇ ಹೇಳಬೇಕು ಎಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು. ಅಂದಿನಿಂದ ಬಂದ್ ಮಾಡ್ರಿ ಎನ್ನುವುದನ್ನು ಪೂರ್ತಿ ಬಿಟ್ಟಳು. ದಿನಾ ಟಿಕ್ ಟಿಕ್ ಕೇಳುತ್ತ, ಕೈ ತೊಡೆಯ ಮೇಲಿಟ್ಟುಕೊಂಡು, ಇವತ್ತು ಕೇಳಿಸೀತೇ, ಇವತ್ತಾದರೂ ಗೊತ್ತಾದೀತೇ ಎಂದು ಕಾಯುತ್ತ ಕೂತಳು.

೩

ಹೀಗೇ ಕಾಯುತ್ತ ಇರಬಹುದಿತ್ತು. ಆದರೆ ಕಾರವಾರದಲ್ಲಿ ಮಗಳು ಅನ್ನಪೂರ್ಣಾ ಬಸುರಿ. ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು ಅವಳನ್ನು ತವರಿಗೆ ಕರೆತರಬೇಕು. ಸೋಮಪ್ಪ ಮಗಳಿಗೆ ಫೋನಿನಲ್ಲಿ ಮಾತು ಕೊಟ್ಟುಬಿಟ್ಟಿದ್ದ: ನನ್ನ ಮಗಳು ನನ್ನ ಫಿಯೆಟ್ಟಿನಲ್ಲೇ ಬರಬೇಕು.

ದಾಂಡೇಲಿಯಿಂದ ಕಾರವಾರಕ್ಕೆ ಜೊಯಿಡಾ ಮೇಲೆ ಹೋದರೆ ಅಣಶಿ ಘಟ್ಟ ಇಳಿಯಬೇಕು. ಅಲ್ಲಿಯ ತಿರುವುಗಳಲ್ಲಿ ಎದುರಿಗೆ ಏನು ಬರುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕೆಳಗಿನವನು ಹಾರ್ನ್ ಹೊಡೆಯಬೇಕು, ಮೇಲಿನವನು ಅದನ್ನು ಕೇಳಿ ಬದಿಗೆ ಸರಿಯಬೇಕು. ಆ ರಸ್ತೆಯಲ್ಲಿ ಕಿವಿಯೂ ಡ್ರೈವರೇ.

ಬಸ್ಸಿಗೆ ಹೋಗೋಣ ಎಂದರೆ ಸೋಮಪ್ಪನಿಗೆ ಅವಮಾನ. ನೀನು ಬರದಿದ್ದರೆ ಬಿಡು, ಒಬ್ಬನೇ ಹೋಗುತ್ತೇನೆ ಎಂದ. ಅವನು ಮಾಡುವವನೇ. ಸುಶೀಲವ್ವನಿಗೆ ನಿದ್ದೆ ಹಾರಿಹೋಯಿತು. ಅವನಿಗೋ, ಹೊರಡುವ ಮುಂಚೆ ಇಂಡಿಕೇಟರ್ ಒಂದು ಸರಿ ಮಾಡಿಸಿಬಿಟ್ಟರೆ ಆಯಿತು ಎಂಬ ಹುರುಪು. ಪೆಟ್ರೋಲ್ ಬಂಕಿನ ಹುಡುಗ ಹೇಳಿ ತೋರಿಸಿದ್ದರಿಂದ ಅದೊಂದು ದೋಷ ಇದೆಯೆಂದು ಅವನಿಗೂ ಗೊತ್ತಾಗಿತ್ತು. ಹೆಂಡತಿ ನೆನಪಿಸುವುದು ನಿಂತ ಮೇಲೆ ಅದು ದಾರಿಯುದ್ದಕ್ಕೂ ಉಳಿದಿರುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

೫

(೪ ಎಲ್ಲಿ ಎಂದು ಹಿಂದೆ ಮುಂದೆ ಹುಡುಕಬೇಡಿ. ಹರಿದು ಹಾಕಿದ್ದೇನೆ. ಯಾಕೆಂದು ಈ ಭಾಗದ ಕೊನೆಗೆ ಹೇಳುತ್ತೇನೆ, ಹೇಳುವ ಧೈರ್ಯ ಬಂದರೆ.)

ಮುಬಾರಕನ ಗ್ಯಾರೇಜು ಹಳಿಯಾಳ ರಸ್ತೆಯಲ್ಲಿದೆ. ಹಳೆಯ ಗಾಡಿ ಅಂದರೆ ಪ್ರಾಣ ಬಿಡುವ ಮನುಷ್ಯ. ಮೊದಲು ಗ್ರೀಸು ಒಣಗಿದೆ ಎಂದ, ಹಚ್ಚಿದ. ಆಗಲಿಲ್ಲ. ಸ್ಪ್ರಿಂಗ್ ಸಡಿಲಾಗಿದೆ ಎಂದ, ಬದಲಿಸಿದ. ಆಗಲಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಅದೇ ಮಾದರಿಯ ಗಾಡಿಯ ಇಡೀ ಸ್ವಿಚ್ಚನ್ನೇ ಹುಡುಕಿ ತಂದು ಕೂರಿಸಿದ. ಬಲಕ್ಕೆ ಬಂತು, ಎಡಕ್ಕೆ ಬರಲಿಲ್ಲ. ಮುಬಾರಕ ತಲೆಯ ಮೇಲೆ ಕೈ ಹೊತ್ತು ಕಾರಿನ ಮುಂದೆ ಕೂತ.

ಸೋಮಪ್ಪ ಚಹಾ ಹೇಳಲು ಹೊರಗೆ ಹೋಗಿದ್ದ. ಸುಶೀಲವ್ವ ಒಳಗೇ ಇದ್ದಳು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದಳು. ಕೇಳುವವರು ಸಿಕ್ಕರೆ ಮುಬಾರಕನಿಗೆ ಇನ್ನೇನು ಬೇಕು, ಬಿಡಿಸಿ ಹೇಳಿದ. ಸ್ಟಿಯರಿಂಗ್ ಚಕ್ರದ ಬುಡದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ. ತಿರುಗಿ ನೆಟ್ಟಗಾಗುವಾಗ ಅದು ಇಂಡಿಕೇಟರ್ ಕಡ್ಡಿಯ ನಾಲಿಗೆಗೆ ತಾಗಿ, ಅದನ್ನು ಸ್ವಸ್ಥಾನಕ್ಕೆ ತಳ್ಳುತ್ತದೆ. ಉಬ್ಬು ಇದ್ದ ಜಾಗದಲ್ಲೇ ಇದ್ದರೆ ಎರಡೂ ಕಡೆ ಸರಿ. ಚೂರು ಸರಿದಿದ್ದರೆ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ತಾಗದೇ ಜಾರುತ್ತದೆ. ಆದರೆ ಅಕ್ಕಾರ, ಅದು ತಾನಾಗಿ ಸರಿಯಲು ಸಾಧ್ಯವೇ ಇಲ್ಲ, ಯಾರಾದರೂ ಚಕ್ರ ಕಿತ್ತು ಕೂರಿಸಿದರೆ ಮಾತ್ರ ಎಂದ.

ಸುಶೀಲವ್ವ ಚಕ್ರ ನೋಡಿದಳು. ನಡುವಿನ ಹಾರ್ನ್ ಗುಂಡಿಯ ಮೇಲೆ ಖಂಡೇಪೂಜೆಯ ದಿನ ಹಚ್ಚಿದ ವಿಭೂತಿಯ ಮೂರು ಗೆರೆ ಇನ್ನೂ ಮಸುಕಾಗಿ ಉಳಿದಿತ್ತು. ಗೆರೆ ನೆಟ್ಟಗಿತ್ತು.

ಹಿಂದಿನ ವರ್ಷ ಆ ಗೆರೆ ಸೊಟ್ಟಗಿತ್ತು. ಅಂದರೆ ಗೆರೆಯಲ್ಲ, ಚಕ್ರವೇ ಸೊಟ್ಟ. ಗಾಡಿ ನೆಟ್ಟಗೆ ಹೋಗುವಾಗ ಈ ಫಿಯೆಟ್ಟಿನ ಚಕ್ರ ಯಾವಾಗಲೂ ಒಂದಿಷ್ಟು ವಾಲಿಕೊಂಡೇ ಇರುತ್ತಿತ್ತು, ಕೊಂಡಾಗಿನಿಂದಲೂ. ಪೂಜೆಗೆ ಬಂದ ಬೀಗರು ಯಾರೋ, ಏನ್ ಸೋಮಣ್ಣ, ನಿನ್ನ ಗಾಡಿ ವಿಭೂತಿ ಹಚ್ಚಿಕೊಂಡು ಕುಡಿದವರ ಹಾಗೆ ನಿಂತಿದೆಯಲ್ಲ ಎಂದು ನಕ್ಕಿದ್ದರು. ಸೋಮಪ್ಪನಿಗೆ ಅದು ಚುಚ್ಚಿತ್ತು. ಈ ಸಲ ಪೂಜೆಗೆ ಮುಂಚೆ ಹಳಿಯಾಳದ ಒಂದು ಟೈರ್ ಅಂಗಡಿಯಲ್ಲಿ ಸ್ಟಿಯರಿಂಗ್ ಚಕ್ರ ಕಿತ್ತಿಸಿ, ಅದು ಕೂರುವ ದಂಡದ ಮೇಲೆ ಒಂದು ಹಲ್ಲು ಈ ಕಡೆ ಸರಿಸಿ, ನೆಟ್ಟಗೆ ಕೂರಿಸಿಕೊಂಡು ಬಂದ. ವಿಭೂತಿ ನೆಟ್ಟಗಾಯಿತು. ಬುಡದ ಉಬ್ಬು ಜಾಗ ತಪ್ಪಿತು.

(ಎಷ್ಟು ದಿನದಿಂದ ಇದಕ್ಕೆ ಉತ್ತರ ಹುಡುಕುತ್ತಿದ್ದೆ! ವಿಭೂತಿ ಅಂತ ನನಗೆ ಹೊಳೆದೇ ಇರಲಿಲ್ಲ, ದೇವರಾಣೆ.)

ಅಂದರೆ ನೋಡಿ, ಖಂಡೇಪೂಜೆಗೆ ಮುಂಚೆ ಕಡ್ಡಿ ತಾನಾಗಿ ಬಂದು ನಿಲ್ಲುತ್ತಿತ್ತು. ಹಾಗಾಗಿ ಸೋಮಪ್ಪನಿಗೆ ಕೇಳಿಸುತ್ತದೋ ಇಲ್ಲವೋ ಎಂದು ಯಾರಿಗೂ ತಿಳಿಯುವ ಪ್ರಸಂಗವೇ ಬಂದಿರಲಿಲ್ಲ. ಕಾರು ಕೆಟ್ಟದ್ದರಿಂದ ಕಿವಿ ಕೆಟ್ಟದ್ದು ಗೊತ್ತಾಯಿತು. ಈಗ ಸುಶೀಲವ್ವ ಬಾಯಿಬಿಟ್ಟರೆ ಮುಬಾರಕ ಚಕ್ರವನ್ನು ಮೊದಲಿನ ಹಲ್ಲಿಗೆ ಕೂರಿಸುತ್ತಾನೆ, ಅರ್ಧ ತಾಸಿನ ಕೆಲಸ. ದೀಪ ಸರಿಹೋಗುತ್ತದೆ, ಕಿವಿಯ ಸಂಗತಿ ಮತ್ತೆ ಮುಚ್ಚಿಹೋಗುತ್ತದೆ, ಸೋಮಪ್ಪ ಖುಷಿಯಿಂದ ಘಟ್ಟ ಇಳಿಯುತ್ತಾನೆ. ಬಾಯಿಬಿಡಲು ಹೋದವಳು ಹಾಗೇ ಮುಚ್ಚಿದಳು. ಅಷ್ಟರಲ್ಲಿ ಚಹಾ ಬಂತು.

ನಾಲ್ಕನೆಯ ಭಾಗದಲ್ಲಿ ಅವಳು ಹೇಳಿಬಿಡುತ್ತಿದ್ದಳು. ಮುಬಾರಕ ಹಣೆ ಚಚ್ಚಿಕೊಂಡು ನಗುತ್ತಿದ್ದ, ಕಾರು ಸರಿಹೋಗುತ್ತಿತ್ತು, ಅವರು ಕಾರವಾರ ಮುಟ್ಟಿ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಘಟ್ಟ ಹತ್ತುತ್ತಿದ್ದರು. ಒಂದು ತಿರುವಿನ ತನಕ ಬರೆದೆ. ಆಚೆಯಿಂದ ಹಾರ್ನ್ ಬಂತು, ಸೋಮಪ್ಪ ಬದಿಗೆ ಸರಿಯಲಿಲ್ಲ. ಅಲ್ಲಿಗೆ ನನ್ನ ಕೈ ನಿಂತಿತು. ನನ್ನಿಂದಾಗುವುದಿಲ್ಲ, ಬೇಕಾದರೆ ಹೇಡಿ ಅನ್ನಿ.

೬

ಮರುದಿನ ಸುಶೀಲವ್ವ ಒಬ್ಬಳೇ ಗ್ಯಾರೇಜಿಗೆ ಹೋಗಿ ಎಲ್ಲವನ್ನೂ ಹೇಳಿದಳು. ವಿಭೂತಿಯನ್ನೂ, ಕಿವಿಯನ್ನೂ. ವಿಭೂತಿಯ ಸಂಗತಿಗೆ ಮುಬಾರಕನ ಕಣ್ಣು ಅರಳಿತು, ಹುಬ್ಬಳ್ಳಿಯ ತನಕ ಹೋಗಿ ಬಂದದ್ದು ನೆನೆದು ತನಗೆ ತಾನೇ ಬೈದುಕೊಂಡ.

ಕಿವಿಯ ಸಂಗತಿಗೆ, ಇಂಡಿಕೇಟರಿಗೆ ಒಂದು ಬಜರ್ ಹಾಕಿಬಿಡಲೇ ಎಂದು ಕೇಳಿದ, ಓಣಿಗೆಲ್ಲ ಕೇಳಿಸುವಂಥದ್ದು. (ಇದೂ ಒಂದು ಕ್ಲೈಮ್ಯಾಕ್ಸು. ತಮಾಷೆಯಾಗಿದೆ. ಬೇಕಾದವರು ಇಲ್ಲಿಗೇ ಕಥೆ ಮುಗಿಸಿಕೊಂಡು ಊಟಕ್ಕೆ ಏಳಬಹುದು.) ಸುಶೀಲವ್ವ ಕೇಳಿದಳು, ಬಜರ್ ಇಂಡಿಕೇಟರಿನದನ್ನು ಹೇಳುತ್ತದೆ, ತಿರುವಿನಾಚೆ ಬರುವ ಬಸ್ಸಿನದನ್ನೂ ಹೇಳುತ್ತದೆಯೇ? ಮುಬಾರಕ ಸ್ಪ್ಯಾನರ್ ಒರೆಸುತ್ತ ನಿಂತ.

ಕಾರವಾರದ ದಾರಿಯಲ್ಲಿ ಅವರಿಗೇ ಗೊತ್ತಾಗಲಿ, ಅಲ್ಲಿಯ ತನಕ ಇದನ್ನು ಹೀಗೇ ಬಿಡು ಎಂದು ಅವಳು ಕೇಳಿಕೊಂಡಳು. ಸುಳ್ಳು ಹೇಳುವ ದೀಪದ ಗಾಡಿಯನ್ನು ರಸ್ತೆಗೆ ಬಿಡಲು ಅವನಿಗೆ ಸುತಾರಾಂ ಮನಸ್ಸಿಲ್ಲ.

“ಅಣಶಿ ತನಕಾ ಅಷ್ಟ, ಅಕ್ಕಾರ,” ಎಂದ ಕೊನೆಗೆ. “ಘಟ್ಟ ಇಳಿಯೂ ಮುಂಚೆ ಸೋಮಣ್ಣಾರಿಗೆ ಗೊತ್ತಾಗಲಿಲ್ಲಂದ್ರ ನೀವ ಬಾಯಿ ಬಿಡಬೇಕು. ಆಮ್ಯಾಲೆ ನಾ ಸುಮ್ಮ ಇರಂಗಿಲ್ಲ.”

ಸುಶೀಲವ್ವ ಮಾತು ಕೊಟ್ಟಳು. ಸೋಮಪ್ಪನಿಗೆ, ಸಾಮಾನು ಬರಬೇಕು, ಬಂದ ಮೇಲೆ ಮಾಡೋಣ ಎಂದು ಹೇಳಿದ್ದಾಯಿತು.

೭

ಹೊರಟರು. ಗಣೇಶಗುಡಿಯಲ್ಲಿ ಸೋಮಪ್ಪ ಎಡಕ್ಕೆ ದೀಪ ಹಾಕಿ ಹೋಟೆಲಿನ ಮುಂದೆ ನಿಲ್ಲಿಸಿದ. ಮಿರ್ಚಿ ತಿಂದರು, ಚಹಾ ಕುಡಿದರು. ಮತ್ತೆ ಹೊರಟಾಗ ಕಡ್ಡಿ ಎಡಕ್ಕೇ ಇತ್ತು. ಟಿಕ್ ಟಿಕ್ ಶುರುವಾಯಿತು. ಸುಶೀಲವ್ವ ಸೆರಗು ಹೊದ್ದು ಕಿಟಕಿಯ ಕಡೆ ನೋಡಿದಳು.

ಜೊಯಿಡಾ ಬಂತು, ಹೋಯಿತು. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಲೇ ಬಂದು, ಸಂದು ಸಿಕ್ಕಾಗ ದಾಟಿ, ಡ್ರೈವರು ಕಿಟಕಿಯಿಂದ ಏನೋ ಕೂಗಿದ. ಸೋಮಪ್ಪ ಅವನಿಗೂ ಕೈ ಬೀಸಿದ. (ಮೊದಲು ಹೇಳಿದೆನಲ್ಲ, ಆ ಲಾರಿಯವನು ಇವನೇ. ಅವನು ಕೂಗಿದ್ದನ್ನು ಬರೆಯುವುದಿಲ್ಲ.) ಸುಶೀಲವ್ವನಿಗೆ ಈಗಲೇ ಹೇಳಿಬಿಡಲೇ ಎನಿಸಿತು. ಅಣಶಿ ಇನ್ನೂ ಬಂದಿಲ್ಲ ಎಂದು ತಡೆದುಕೊಂಡಳು. ಇನ್ನೊಂದು ಊರು, ಇನ್ನೊಂದು ಸೇತುವೆ ಎಂದು ಮನಸ್ಸಿನಲ್ಲೇ ಎಣಿಸುತ್ತ ಕೂತಳು. ದೇವರೇ, ಆ ದೀಪ ಈ ಮನುಷ್ಯನ ಕಣ್ಣಿಗಾದರೂ ಒಂದು ಸಲ ಕಾಣುವಂತೆ ಮಾಡು ಎಂದು ಬೇಡಿಕೊಂಡಳು.

ಕುಂಬಾರವಾಡ ದಾಟಿದ ಮೇಲೆ ಕಾಡು ದಟ್ಟವಾಯಿತು. ರಸ್ತೆಯ ಮೇಲೆ ಬಿಸಿಲು ನಿಂತುಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಹೆಸರುಕಾಳಿನಷ್ಟು ಒಂದು ಹಸಿರು ದೀಪವಿದೆ. ಬಿಸಿಲಿನಲ್ಲಿ ಉರಿದರೂ ಗೊತ್ತಾಗುವುದಿಲ್ಲ. ಮರಗಳ ನೆರಳಿನಲ್ಲಿ ಅದು ಕಂಡಿತು.

ಸೋಮಪ್ಪ ಅದನ್ನು ನೋಡಿದ. ರಸ್ತೆ ನೋಡಿದ, ಮತ್ತೆ ಅದನ್ನು ನೋಡಿದ. ಗಣೇಶಗುಡಿ ಬಿಟ್ಟ ಮೇಲೆ ತಾನು ಕಡ್ಡಿ ಮುಟ್ಟಿಲ್ಲ ಎನ್ನುವುದು ನೆನಪಾಯಿತೆಂದು ಕಾಣುತ್ತದೆ. ಅದೇ ಹೊತ್ತಿಗೆ ಎದುರಿನಿಂದ ಗೋವೆಯ ಕಡೆಯ ಒಂದು ಕಾರು ಹಾದುಹೋಯಿತು. ಕಿಟಕಿಯಲ್ಲಿ ಒಬ್ಬ ಹುಡುಗಿ ಕೈ ಹೊರಗೆ ಚಾಚಿ ಐದೂ ಬೆರಳು ಬಿಚ್ಚಿದಳು, ಮುಚ್ಚಿದಳು, ಬಿಚ್ಚಿದಳು. ಸೋಮಪ್ಪನ ಕೈ ರೂಢಿಯ ಮೇಲೆ ಅರ್ಧ ಎದ್ದಿತ್ತು. ಅಲ್ಲೇ ನಿಂತಿತು.

ಅವನು ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿದ. ಗಣೇಶಗುಡಿಯಿಂದ ಸುಳ್ಳು ಹೇಳುತ್ತ ಬಂದ ದೀಪ ಅಲ್ಲಿ ಒಮ್ಮೆ ನಿಜ ಹೇಳಿದಂತಾಯಿತು. ಗೇರು ಬಿಡಿಸಿದ, ಇಂಜಿನ್ ಆರಿಸಿದ, ಕೀಲಿ ಮಾತ್ರ ಮತ್ತೆ ಅರ್ಧ ತಿರುಗಿಸಿ ಬಿಟ್ಟ. ಕಾಡಿನಲ್ಲಿ ಬೇರೆ ಸದ್ದಿರಲಿಲ್ಲ. ಸುಶೀಲವ್ವನಿಗೆ ಆ ಟಿಕ್ ಟಿಕ್ ಯಾರೋ ಬಾಗಿಲು ಬಡಿದಷ್ಟು ಜೋರಾಗಿ ಕೇಳುತ್ತಿತ್ತು. ಸೋಮಪ್ಪ ಬಗ್ಗಿ ಡ್ಯಾಶ್‌ಬೋರ್ಡಿಗೆ ಕಿವಿ ಹಚ್ಚಿದ. ಒಂದು ಕಿವಿ, ಆಮೇಲೆ ಇನ್ನೊಂದು. ಹಾಗೇ ಬಗ್ಗಿಕೊಂಡೇ ಹೆಂಡತಿಯ ಕಡೆ ನೋಡಿದ.

“ಸಪ್ಪಳ ಬರಾಕತ್ತೇತೇನ, ಸುಶೀಲಾ?”

“ಬರಾಕತ್ತೇತ್ರಿ.”

“ಗಣೇಶಗುಡಿಯಿಂದ?”

“ಖಂಡೇಪೂಜಿಯಿಂದ.”

ಅವನು ನೆಟ್ಟಗೆ ಕೂತ. ಹಾಗಾದರೆ ಆ ಮಂದಿಯೆಲ್ಲ ನನಗೆ ಕೈ ಮಾಡಿದ್ದು ಎಂದು ಶುರು ಮಾಡಿ, ಮಾತು ಮುಗಿಸಲಿಲ್ಲ. ಸುಶೀಲವ್ವನಿಗೆ ಅಳು ಬರುವುದರಲ್ಲಿತ್ತು, ಬಂದದ್ದು ನಗು. ಅವನೂ ನಕ್ಕ. ನಗುತ್ತಿದ್ದಂತೆಯೇ ಅವನ ಕಣ್ಣು ಒದ್ದೆಯಾಯಿತು. ಅದನ್ನು ಅಡಗಿಸಲು ಹೋಗಲಿಲ್ಲ. ನಮ್ಮಪ್ಪನಿಗೆ ಆದದ್ದೇ ನನಗೂ ಆಯಿತು ಎಂದ. ಅವಳು ಅವನ ಕೈ ಹಿಡಿದುಕೊಂಡಳು.

ಅವನು ಮುಂದಿನ ತಿರುವು ನೋಡಿದ. ಹಾರ್ನ್ ಮಾಡಿ ಎಂದು ಬರೆದ ಹಳದಿ ಫಲಕ ಅಲ್ಲಿತ್ತು.

“ಇನ್ನ ಮುಂದ ಘಟ್ಟ ಐತಿ,” ಎಂದ. “ಎದುರಿನ ಹಾರ್ನ್ ನನಗ ಕೇಳಂಗಿಲ್ಲ. ಹೋಗೂಣೋ, ತಿರುಗೂಣೋ? ನೀ ಹೇಳು.”

೭ಅ, ೭ಆ, ೭ಇ

ತಿರುಗೋಣ, ಜೊಯಿಡಾದಲ್ಲಿ ಗಾಡಿ ಬಿಟ್ಟು ಬಸ್ಸಿಗೆ ಹೋಗೋಣ, ಎಂದು ಬರೆದೆ. ಬುದ್ಧಿವಂತರ ಮುಕ್ತಾಯ, ನೀರಸ. ಹೊಡೆದು ಹಾಕಿದೆ. ಹೋಗೋಣ, ನಿಮ್ಮ ಕಿವಿಗೆ ನಾನಿದ್ದೇನೆ, ಎಂದು ಬರೆದೆ. ಓದಿ ನನಗೇ ನಾಚಿಕೆಯಾಯಿತು. ಹಿಂದಿನ ಸೀಟಿನಲ್ಲಿ ಕೂರಬೇಕಾದ ಬಸುರಿ ನೆನಪಾದಳು, ಅದನ್ನೂ ಹೊಡೆದು ಹಾಕಿದೆ. ಮೂರನೆಯದಕ್ಕೆ, ಮುಬಾರಕನೇ ಹಿಂದಿನಿಂದ ಬೈಕಿನಲ್ಲಿ ಬಂದು ಸ್ಟಿಯರಿಂಗ್ ಹಿಡಿಯಲಿ ಎಂದು ಅವನನ್ನು ದಾಂಡೇಲಿಯಿಂದ ಎಬ್ಬಿಸಲು ಹೊರಟೆ.

ಸುಶೀಲವ್ವ ಕಾರಿನೊಳಗಿಂದಲೇ ನನ್ನ ಕಡೆ ತಿರುಗಿದಳು.

“ನೀವು ಒಂದೀಟ ಸುಮ್ಮ ಕುಂದರ್ರಿ,” ಎಂದಳು. “ಅವರು ಕೇಳಿದ್ದು ನನ್ನ. ನಿಮ್ಮನ್ನಲ್ಲ.”

ಖಂಡೇಪೂಜೆಯಿಂದ ಅವಳು ಕಾದದ್ದು ಈ ಪ್ರಶ್ನೆಗೆ. ಇದರ ಆಚೆ ಏನು ಎಂದು ಅವಳೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ನಾನು ಪೆನ್ನು ಕೆಳಗಿಟ್ಟಿದ್ದೇನೆ. ನೀವೂ ದಯವಿಟ್ಟು ಏನೂ ಸೂಚಿಸಬೇಡಿ.

ಎಡಗಡೆಯ ದೀಪ ಮಿಣುಕುತ್ತಿದೆ. ಕೆಳಗೆಲ್ಲೋ ತಿರುವಿನಾಚೆಯಿಂದ ಘಟ್ಟ ಹತ್ತುತ್ತಿರುವ ಗಾಡಿಯೊಂದರ ಹಾರ್ನ್ ಕೇಳಿತು. ಸೋಮಪ್ಪ ರಸ್ತೆಯ ಕಡೆ ನೋಡುತ್ತಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತಿದ್ದಾನೆ. ಹಾರ್ನ್ ಆದದ್ದು ಅವನಿಗೆ ಆ ಮುಖದಿಂದ ಗೊತ್ತಾಯಿತು.